ಏಳು ದಿನದ ದೊಡ್ಡಬಸಪ್ಪ

ಸಿಂಧನೂರಿನ ಹಳೇ ಬಜಾರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ದೊಡ್ಡಬಸಪ್ಪನ ಎದುರು ಏನು ಬೇಕಾದರೂ ಆಡಿ, ಸೈಕಲ್ಲಿನಿಂದ ಬೀಳುವ ಮಾತೊಂದನ್ನು ಆಡಬೇಡಿ. ನೀ ಹಾಕಿದ ಪಂಕ್ಚರು ಮೂರು ದಿನ ನಿಲ್ಲುವುದಿಲ್ಲ ಅಂದರೂ ನಗುತ್ತಾನೆ, ತಲೆ ಬೋಳಾಯಿತಲ್ಲ ಅಂದರೂ ನಗುತ್ತಾನೆ. ‘ನೀನೂ ಒಂದಿಲ್ಲೊಂದು ದಿನ ಬಿದ್ದಿರಬೇಕಲ್ಲೋ’ ಅಂದರೆ ಮಾತ್ರ ಕೈಯಲ್ಲಿನ ಪಾನಾ ಕೆಳಗಿಟ್ಟು ಎದ್ದು ನಿಲ್ಲುತ್ತಾನೆ. ಹಾಗೆ ಎದ್ದು ನಿಂತು ಎರಡು ಸಲ ಗಿರಾಕಿಗಳ ಕಪಾಳಕ್ಕೆ ಬಾರಿಸಿದ್ದೂ ಉಂಟು. ಎರಡೂ ಸಲ ಹೆಂಡತಿ ಶೇಖರಮ್ಮನೇ ಅವರ ಮನೆಗೆ ಹೋಗಿ ಮಾಫಿ ಕೇಳಿ ಬಂದಳು.

ಆ ಸಿಟ್ಟಿಗೆ ಕಾರಣವಿದೆ. ಮೂವತ್ತು ವರ್ಷದ ಹಿಂದೆ ಈ ಸೀಮೆಯ ಹಳ್ಳಿಗಳಲ್ಲಿ ಬಿಡದೆ ಸೈಕಲ್ ಹೊಡೆಯುವ ಆಟ ನಡೆಯುತ್ತಿತ್ತು. ಊರ ಬಯಲಲ್ಲಿ ಒಂದು ಕಂಬ ನೆಟ್ಟು, ಮೈಕು ಕಟ್ಟಿ, ಆ ಕಂಬದ ಸುತ್ತ ಏಳು ದಿನ, ಏಳು ರಾತ್ರಿ ಒಬ್ಬನೇ ಮನುಷ್ಯ ಸೈಕಲ್ ತುಳಿಯಬೇಕು. ಕಾಲು ನೆಲಕ್ಕೆ ತಾಗುವಂತಿಲ್ಲ. ಉಣ್ಣುವುದು, ಮೀಯುವುದು, ಗಡ್ಡ ಹೆರೆಸಿಕೊಳ್ಳುವುದು ಎಲ್ಲ ಅದರ ಮೇಲೆಯೇ. ನಡುನಡುವೆ ಮಂದಿಯನ್ನು ಹಿಡಿದು ನಿಲ್ಲಿಸಲು ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಸಿಕೊಳ್ಳಬೇಕು. ದೊಡ್ಡಬಸಪ್ಪನ ಎದೆ ನೋಡಿದರೆ ಇವತ್ತಿಗೂ ಗಾಜು ಸೀಳಿದ ಗೆರೆಗಳು ಎಣಿಸಲಾರದಷ್ಟಿವೆ. ತುರ್ವಿಹಾಳ, ಬಳಗಾನೂರು, ಮಸ್ಕಿ, ಎಲ್ಲ ಕಡೆ ಅವನು ‘ಏಳು ದಿನದ ದೊಡ್ಡಬಸಪ್ಪ’. ಐದನೇ ದಿನ ಬಂತೆಂದರೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ಸಾಲಾಗಿ ನಿಲ್ಲುತ್ತಿದ್ದರು. ಅವನು ಓಡುವ ಸೈಕಲ್ಲಿನಿಂದಲೇ ಒಂದು ಕೈ ಚಾಚಿ ಕೂಸನ್ನು ಎತ್ತಿ, ಮುಂದಿನ ದಂಡಿಗೆಯ ಮೇಲೆ ಕೂಡಿಸಿಕೊಂಡು, ಒಂದು ಸುತ್ತು ಹಾಕಿ ತಾಯಿಯ ಕೈಗೆ ಕೊಡಬೇಕು. ಕೂಸಿನ ಅಂಜಿಕೆ ಹೋಗುತ್ತದೆ ಎಂದು ನಂಬಿಕೆ. ಅಂಥ ನೂರಾರು ಕೂಸುಗಳಲ್ಲಿ ಒಂದನ್ನೂ ಅವನು ಕೆಡವಿದವನಲ್ಲ, ತಾನೂ ಬಿದ್ದವನಲ್ಲ. ಆಮೇಲೆ ಮನೆಮನೆಗೆ ಟಿವಿ ಬಂತು, ಆಟ ನೋಡುವವರು ಇಲ್ಲವಾದರು, ಅವನು ಅಂಗಡಿ ಹಾಕಿದ. ಹೊಲ ಇಲ್ಲ, ಸ್ವಂತ ಮನೆ ಇಲ್ಲ, ಓದು ಇಲ್ಲ. ಇರುವುದು ಆ ಒಂದು ಹೆಸರು.

ಈಗ ಐವತ್ತಾರು ವರ್ಷ. ಎರಡೂ ಮೊಣಕಾಲು ಸವೆದಿವೆ, ಬೇಸಿಗೆ ಕಳೆದ ಮೇಲೆ ಆಪರೇಷನ್ ಮಾಡಬೇಕು, ಆಮೇಲೆ ಸೈಕಲ್ ಮುಟ್ಟುವ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಗೊಬ್ಬರದಂಗಡಿಯ ಪಂಪಾಪತಿ ಸಕ್ಕರೆ ಕಾಯಿಲೆ ಇಳಿಸಿಕೊಳ್ಳಲು ಗೇರಿನ ಸೈಕಲ್ ಕೊಂಡಿದ್ದ. ವೆಲ್ಡಿಂಗ್ ಮಾಡುವ ಜುಲ್ಫಿಕರ್ ಅವನ ಜೊತೆಗೆ ಬೆಳಗ್ಗೆ ತಿರುಗುತ್ತಿದ್ದ. ಮೂವರೂ ಒಂದೇ ಶಾಲೆಯಲ್ಲಿ ಏಟು ತಿಂದವರು. ಸೈಕಲ್ ಮೇಲೆಯೇ ಕೂಡಲಸಂಗಮದ ತನಕ ಹೋಗಿ ಬರೋಣ, ಮೊದಲ ದಿನ ಲಿಂಗಸುಗೂರಿನಲ್ಲಿ ವಸ್ತಿ ಎಂದು ಮಾತಾಯಿತು. ಆಗ ದೊಡ್ಡಬಸಪ್ಪ ಒಂದು ಹಟ ಹಿಡಿದ.

“ಸಿಂಧನೂರಾಗ ಕಾಲೆತ್ತಿದ್ರ ಲಿಂಗಸುಗೂರಾಗ ಊರ್ತೀನಿ. ನಡುವ ಊರಂಗಿಲ್ಲ.”

“ಅರವತ್ತು ಕಿಲೋಮೀಟರ್ ಐತೋ. ಒಂದಕ್ಕ ಬಂದ್ರ ಏನ್ಮಾಡ್ತಿ?” ಎಂದ ಜುಲ್ಫಿಕರ್.

“ಏಳು ದಿನ ಏನ್ ಮಾಡಿದ್ನೋ ಅದನ್ನ ಮಾಡ್ತೀನಿ. ನೀ ಹಿಂದ್ ಬರಬ್ಯಾಡ.”

ಪಂಪಾಪತಿ ಹೊಟ್ಟೆ ಹಿಡಿದುಕೊಂಡು ನಕ್ಕ. ಶೇಖರಮ್ಮ ನಗಲಿಲ್ಲ. ಇದು ಗಂಡನ ಕೊನೆಯ ಸವಾರಿ ಅಂತ ಅವಳಿಗೆ ಗೊತ್ತಿತ್ತು. ನಸುಕಿಗೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ, ಅವನ ಮೊಣಕಾಲಿಗೆ ಎಣ್ಣೆ ತಿಕ್ಕಿ ಕಳಿಸಿದಳು.

ಮಸ್ಕಿಯವರೆಗೆ ಏನೂ ಅನಿಸಲಿಲ್ಲ. ಬಲಕ್ಕೂ ಎಡಕ್ಕೂ ಕಾಲುವೆ ನೀರಿನ ಗದ್ದೆ, ತಂಪು ಗಾಳಿ. ಮಸ್ಕಿಯಲ್ಲಿ ಗೆಳೆಯರಿಬ್ಬರೂ ಹೋಟೆಲಿನ ಮುಂದೆ ಕೂತು ಮಂಡಾಳ ವಗ್ಗರಣಿ, ಮಿರ್ಚಿ ತಿಂದರು. ದೊಡ್ಡಬಸಪ್ಪ ಬೀದಿಯಲ್ಲಿ ಸುತ್ತು ಹೊಡೆಯುತ್ತಲೇ ಪ್ಲೇಟು ಇಸಕೊಂಡು ತಿಂದ, ಚಾ ಕುಡಿದ, ಮುಂದಿನ ಸುತ್ತಿಗೆ ಕಪ್ಪು ವಾಪಸು ಕೊಟ್ಟ. ಬಸ್ಸಿಗೆ ಕಾದಿದ್ದ ಮಂದಿ ನಿಂತು ನೋಡಿದರು. ಅವನ ಜೀವ ಅಷ್ಟು ಹಿಗ್ಗಿ ಎಷ್ಟು ವರ್ಷವಾಗಿತ್ತೋ ಏನೋ.

ಮಸ್ಕಿ ದಾಟಿದ ಮೇಲೆ ಫಜೀತಿ ಶುರುವಾಯಿತು. ಹಸಿರು ಮುಗಿದು ಕಲ್ಲುಗುಡ್ಡ, ಕಪ್ಪು ನೆಲ. ಎದುರುಗಾಳಿ. ಬಿಸಿಲು ನೆತ್ತಿ ಸುಡುತ್ತಿತ್ತು. ಲಾರಿಗಳು ಮೈಗೆ ಒರೆಸಿಕೊಂಡೇ ಹೋಗುತ್ತಿದ್ದವು. ಬಲಗಾಲಿನ ಚಿಪ್ಪು ಪ್ರತಿ ತುಳಿತಕ್ಕೂ ಕಟ್ಟೆನ್ನತೊಡಗಿತು. ಏರು ಬಂದಾಗ ಉಳಿದಿಬ್ಬರೂ ಇಳಿದು ಸೈಕಲ್ ನೂಕಿದರು. ಅವನು ಇಳಿಯಲಿಲ್ಲ, ಹಲ್ಲು ಕಚ್ಚಿ ಎದ್ದು ನಿಂತು ತುಳಿದ. ಕಣ್ಣಲ್ಲಿ ನೀರು ಬರುತ್ತಿತ್ತು. ಬೆವರು ಅಂತ ಹೇಳಿದ.

“ಇಳೀಯೋ ಮಾರಾಯಾ, ಯಾರು ನೋಡಾಕತ್ತಾರ ಇಲ್ಲಿ?” ಪಂಪಾಪತಿ ಏದುಸಿರು ಬಿಡುತ್ತ ಕೇಳಿದ.

“ನಾ ನೋಡಾಕತ್ತೀನಲ್ಲ.”

ಹನ್ನೊಂದೂವರೆಗೆ ರಸ್ತೆ ಬದಿಯ ಒಂದು ಹಳ್ಳಿ ಬಂತು. ಹೆಸರು ಬೇಡ, ಅಂಥ ಹಳ್ಳಿ ಎಲ್ಲ ಕಡೆ ಇವೆ. ಮೀನಖಂಡ ಸೆಟೆದುಕೊಂಡ ಪಂಪಾಪತಿ ಕುಂಟುತ್ತ ಚಾದಂಗಡಿಯ ಕಟ್ಟೆ ಹತ್ತಿದ. ಅಂಗಡಿಯವ ಗುರುತಿನವನೇ, ಈ ಊರಿನ ಅರ್ಧ ಮಂದಿ ಗೊಬ್ಬರ ಒಯ್ಯುವುದು ಪಂಪಾಪತಿಯಲ್ಲಿಯೇ. ಜುಲ್ಫಿಕರ್ ಅವನ ಕಾಲು ತಿಕ್ಕುತ್ತ ಕೂತ. ನಿಲ್ಲುವಂತಿಲ್ಲದ ದೊಡ್ಡಬಸಪ್ಪ ಅಂಗಡಿಯ ಹಿಂದಿನ ಬಯಲಿಗೆ ಹೊರಳಿದ. ಬಯಲಿನ ಆ ಬದಿಗೆ ಅಂಗನವಾಡಿ ಇತ್ತು.

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಒಂದು ವಾರದಿಂದ ಆ ಹಳ್ಳಿಗಳ ಮೊಬೈಲುಗಳಲ್ಲಿ ಒಂದು ವಿಡಿಯೋ ಓಡಾಡುತ್ತಿತ್ತು. ಮಕ್ಕಳ ಕಳ್ಳರು ಬಂದಾರ, ವೇಷ ಹಾಕಿಕೊಂಡು ಸೈಕಲ್ ಮೇಲೆ ತಿರುಗಾಡತಾರ, ಹುಷಾರು. ಯಾರು ಮಾಡಿದ್ದೋ, ಎಲ್ಲಿಯದೋ, ಪೂರಾ ಸುಳ್ಳು. ದೊಡ್ಡಬಸಪ್ಪನದು ಗುಂಡಿ ಒತ್ತುವ ಫೋನು. ಅವನು ಆ ಬಯಲಲ್ಲಿ ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು ಹೊಡೆದ. ಪುಟ್ಟ ಮಕ್ಕಳು ಹೊರಗೆ ಬಂದು ಕೇಕೆ ಹಾಕಿದವು. ಅವನು ಕೈ ಬಿಟ್ಟು ಹೊಡೆದ, ಹಿಂದುಮುಂದಾಗಿ ಕೂತು ಹೊಡೆದ. ಮೊಣಕಾಲಿನ ನೋವೇ ಮರೆತುಹೋಯಿತು.

ಅಷ್ಟರಲ್ಲಿ ಮೂರು ವರ್ಷದ ಒಂದು ಹುಡುಗಿ ಮುಂದೆ ಬಂದು ಎರಡೂ ಕೈ ಮೇಲೆತ್ತಿ ನಿಂತಿತು.

ಯೋಚನೆ ಮಾಡುವವನಾಗಿದ್ದರೆ ಮಾಡುತ್ತಿರಲಿಲ್ಲ. ಅವನ ಕೈ ಯೋಚನೆ ಮಾಡಲಿಲ್ಲ. ಕೂಸು ಕೈ ಎತ್ತಿದರೆ ಎತ್ತಿಕೊಳ್ಳುವುದು, ಒಂದು ಸುತ್ತು ಹಾಕುವುದು, ಇಷ್ಟೇ ಅದಕ್ಕೆ ಗೊತ್ತು. ಬಾಗಿ, ಎಡಗೈಯಿಂದ ಹುಡುಗಿಯನ್ನು ಎತ್ತಿ ದಂಡಿಗೆಯ ಮೇಲೆ ಕೂಡಿಸಿಕೊಂಡು ಬಯಲಿನ ಆ ತುದಿಗೆ ಹೋದ. ಹುಡುಗಿ ಹ್ಯಾಂಡಲ್ ಹಿಡಿದು ಕಿಲಕಿಲ ನಗುತ್ತಿತ್ತು.

ಹುಡುಗಿಯ ತಾಯಿ ಪಕ್ಕದ ಮನೆಯಿಂದ ಹೊರಗೆ ಬಂದು ಕಂಡದ್ದು ಇಷ್ಟು. ಗುರುತಿಲ್ಲದ ಗಡ್ಡದ ಮುದುಕ, ಸೈಕಲ್, ಮಗಳು ದೂರ ದೂರ ಹೋಗುತ್ತಿರುವುದು. ಅವಳು ಚೀರಿದ ಚೀರುವಿಕೆಗೆ ಊರೇ ಎದ್ದಿತು.

“ನನ್ನ ಮಗಳನ್ನ ಒಯ್ಯಾಕತ್ಯಾನೋ, ಹಿಡೀರ್ಯೋ!”

“ಬಂದೆ ಯವ್ವಾ, ಒಂದ ಸುತ್ತು, ಬಂದೆ,” ಎನ್ನುತ್ತ ಅವನು ತಿರುಗಿದ. ಅವನ ಮಾತು ಯಾರಿಗೂ ಕೇಳಲಿಲ್ಲ. ಮೊದಲ ಕಲ್ಲು ಕಿವಿಯ ಮೇಲೆ ಬಿತ್ತು. ಕಣ್ಣು ಕತ್ತಲಾಯಿತು, ಸೈಕಲ್ ಓಲಾಡಿತು. ಎಡಗೈ ಹುಡುಗಿಯನ್ನು ಎದೆಗೆ ಅವುಚಿತು, ಬಲಗೈ ಹ್ಯಾಂಡಲ್ ಬಿಡಲಿಲ್ಲ. ಎರಡನೆಯ ಕಲ್ಲು ಬೆನ್ನಿಗೆ, ಮೂರನೆಯದು ಹುಬ್ಬಿಗೆ. ರಕ್ತ ಕಣ್ಣಿಗಿಳಿದು ದಾರಿ ಕಾಣದಾಯಿತು. ಆದರೂ ಅವನು ಸೈಕಲ್ಲನ್ನು ನೆಟ್ಟಗೆ ತಾಯಿಯ ಮುಂದೆ ತಂದು, ಓಡುತ್ತಿರುವಾಗಲೇ ಹುಡುಗಿಯನ್ನು ಅವಳ ತೋಳಿಗೆ ಕೊಟ್ಟ.

“ಹಿಡ್ಕೋ ಯವ್ವಾ, ಅಂಜಬ್ಯಾಡ.”

ಹುಡುಗಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆಗ ಒಬ್ಬ ಹಿಂದಿನಿಂದ ಅವನ ಕೊರಳಪಟ್ಟಿಗೆ ಕೈ ಹಾಕಿ ಸೀಟಿನಿಂದ ಕಿತ್ತು ಎಳೆದ. ಅವನು ಹುಡುಗಿಯ ಅಪ್ಪ ಬಸವಲಿಂಗ, ಸಾಮಾನಿನ ಗಾಡಿ ಓಡಿಸುವವ, ಮೂವತ್ತರ ಕಟ್ಟುಮಸ್ತಾದ ಆಳು. ಎಳೆದ ರಭಸಕ್ಕೆ ದೊಡ್ಡಬಸಪ್ಪನ ಭುಜದ ಎಲುಬು ಲಟಕ್ಕೆಂದಿತು. ನೆಲಕ್ಕೆ ಬಡಿದವನ ಹೊಟ್ಟೆಗೆ ಬಸವಲಿಂಗ ಒದ್ದ. ಆಮೇಲೆ ಎಣಿಸುವವರು ಯಾರು? ಹತ್ತು ಮಂದಿ, ಇಪ್ಪತ್ತು ಮಂದಿ. ಒದೆಯುವವರು, ಕಟ್ಟಿಗೆಯಿಂದ ಬಡಿಯುವವರು, ಬಡಿಯಲು ಜಾಗ ಸಿಗದೆ ಸೈಕಲ್ಲನ್ನೇ ತುಳಿಯುವವರು. ಒಬ್ಬ ಬೆಲ್ಟು ಬಿಚ್ಚಿದ. ಒಬ್ಬ ಅವನ ಸವೆದ ಮೊಣಕಾಲಿನ ಮೇಲೆ ಕಲ್ಲು ಎತ್ತಿ ಹಾಕಿದ. ಅದಕ್ಕೆ ಅವನು ಕೂಗಿದ ಕೂಗು ಮನುಷ್ಯರದ್ದಾಗಿರಲಿಲ್ಲ.

“ಹೇಳಲೇ, ಎಷ್ಟ್ ಮಂದಿ ಬಂದೀರಿ? ಉಳದ ಮಕ್ಕಳ್ನ ಎಲ್ಲಿಟ್ಟೀರಿ?”

ಏನು ಹೇಳಬೇಕು? ಬಾಯಿ ತುಂಬ ರಕ್ತ. ಒಂದು ಹಲ್ಲು ನಾಲಿಗೆಯ ಮೇಲೆ ಹೊರಳುತ್ತಿತ್ತು.

ಜುಲ್ಫಿಕರ್ ಓಡಿ ಬಂದ. ಬಿಡಿಸುವ ಮಾತಾಡುತ್ತ ನಿಲ್ಲಲಿಲ್ಲ, ಸೀದಾ ಹೋಗಿ ದೊಡ್ಡಬಸಪ್ಪನ ಮೇಲೆ ಕವುಚಿ ಮಲಗಿದ. ಏಟು ಈಗ ಅವನ ಬೆನ್ನಿಗೆ ಬಿದ್ದವು. “ಹೊಡೀಬ್ಯಾಡ್ರೋ, ನಮ್ಮಾಂವ ಅದಾನ, ಸಾಯ್ತಾನ,” ಎಂದು ಅವನು ಮಣ್ಣಿಗೆ ಬಾಯಿಟ್ಟು ಒದರುತ್ತಿದ್ದ. ಕಳ್ಳನಿಗೆ ಜೊತೆಗಾರನೂ ಸಿಕ್ಕ ಎಂದು ಹೊಡೆಯುವವರಿಗೆ ಇನ್ನಷ್ಟು ಹುರುಪು ಬಂತು.

ಪಂಪಾಪತಿ? ಅವನು ಕಟ್ಟೆಯಿಂದ ಇಳಿದು ಬಂದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಊರೇ ಗುರುತಿನದು, ಒಂದು ಮಾತು ಕೂಗಿ ಹೇಳಿದ್ದರೆ ನಿಲ್ಲುತ್ತಿತ್ತೋ ಏನೋ. ತನ್ನನ್ನೂ ಹಾಕಿ ತುಳಿದರೆ ಎಂದು ಅಂಜಿದ. ಜುಲ್ಫಿಕರನ ಕಂಕುಳ ಸಂದಿಯಿಂದ ದೊಡ್ಡಬಸಪ್ಪ ಅವನನ್ನು ನೋಡಿದ. ಪಂಪಾಪತಿ ಮುಖ ಆ ಕಡೆ ಹೊರಳಿಸಿದ.

ಬಿಡಿಸಿದವಳು ಗುಲ್ಷನ್‌ಬೀ, ಬಳೆ ಮಾರುವ ಮುದುಕಿ. ಗದ್ದಲ ಕೇಳಿ ಬಂದವಳು, ಮಂದಿಯ ಕಾಲ ಸಂದಿಯಿಂದ ಅವನ ಹರಿದ ಅಂಗಿ, ಗಾಜಿನ ಗೆರೆಗಳ ಎದೆ ನೋಡಿದಳು. ಬಳೆಯ ಗಂಟು ಕೆಳಗೆ ಎಸೆದು ನುಗ್ಗಿದಳು.

“ತಡೀರಲೇ ಮುಠ್ಠಾಳ್ರ! ಏಳು ದಿನದ ಬಸಪ್ಪ ಅದಾನಲೇ ಇಂವ. ಬಳಗಾನೂರಾಗ ನನ್ನ ಮಗಳು ಅತೀಯಾನ್ನ ನನ್ನ ಕೈಲೇ ಇಂವನ ಸೈಕಲ್ ಮ್ಯಾಲ ಕುಂಡ್ರಿಸೀನಿ. ಒಂದ ಸುತ್ತು ಹಾಕಿ ಕೊಡ್ತಿದ್ದ. ನಿಮ್ಮವ್ವಗೋಳ್ನ ಕೇಳ್ರಿ ಹೋಗಿ.”

ಕಟ್ಟಿಗೆಗಳು ನಿಂತವು. ಮಂದಿ ಮಂದಿಯ ಮುಖ ನೋಡಿತು. ತಪ್ಪಾಯಿತು ಅಂತ ಒಬ್ಬನೂ ಅನ್ನಲಿಲ್ಲ. ಹೊಡೆದವರಿಗೆ ಅದು ಸುಲಭದ ಮಾತಲ್ಲ.

“ಹಂಗಾರ ಸೈಕಲ್ ಹೊಡದ್ ತೋರಸ್ಲಿ,” ಎಂದ ಬಸವಲಿಂಗ. “ಖರೇ ಅವನ ಆಗಿದ್ರ ಹೊಡೀತಾನ.”

ಇಂಥ ಮಾತು ಆಡುವ ಬಾಯಿ ಯಾವ ದೇವರು ಮಾಡಿದ್ದೋ. ಜುಲ್ಫಿಕರ್ ಬೈಯತೊಡಗಿದ. ಆದರೆ ನಾಲ್ಕು ಜನ ಆಗಲೇ ದೊಡ್ಡಬಸಪ್ಪನನ್ನು ಎತ್ತಿ ನಿಲ್ಲಿಸಿ, ಸೊಟ್ಟಗಾದ ಸೈಕಲ್ಲನ್ನು ತಂದು ಕಾಲ ಸಂದಿಗೆ ಇಟ್ಟರು. ಅವನಿಗೆ ಅರ್ಥವಾಯಿತು. ಹೊಡೆಯದಿದ್ದರೆ ಕಳ್ಳ, ಹೊಡೆದರೆ ಬದುಕು. ಒಂದು ಕೈ ಜೋತುಬಿದ್ದಿತ್ತು. ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಬಲಗೈಯಿಂದ ಹ್ಯಾಂಡಲ್ ಹಿಡಿದು, ಎಡಗಾಲೊಂದರಿಂದಲೇ ಪೆಡಲನ್ನು ಒತ್ತಿ, ಕೆಳಗೆ ಹೋದದ್ದನ್ನು ಪಾದದಿಂದಲೇ ಮೇಲಕ್ಕೆಳೆದು, ಸುತ್ತಿದ. ಗಾಲಿ ಸೊಟ್ಟಗಾಗಿ ಬ್ರೇಕಿಗೆ ಉಜ್ಜುತ್ತಿತ್ತು. ಒಂದು ಸುತ್ತು. ರಕ್ತ ಗದ್ದದಿಂದ ದಂಡಿಗೆಯ ಮೇಲೆ ಹನಿಯುತ್ತಿತ್ತು. ಎರಡು ಸುತ್ತು.

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಮೊಬೈಲುಗಳು ಮೇಲೆದ್ದವು. ಬೆಲ್ಟು ಬಿಚ್ಚಿದ್ದವನು ಸಿಳ್ಳೆ ಹಾಕಿದ. ಮೂವತ್ತು ವರ್ಷ ಆ ಸಿಳ್ಳೆಗಾಗಿ ಒಳಗೊಳಗೇ ಹಂಬಲಿಸಿದ್ದ ದೊಡ್ಡಬಸಪ್ಪನಿಗೆ ಅಲ್ಲೇ ವಾಂತಿ ಬಂತು. ವಾಂತಿ ಮಾಡಿಕೊಳ್ಳುತ್ತಲೇ ಮೂರನೆಯ ಸುತ್ತು ಮುಗಿಸಿದ. ಜುಲ್ಫಿಕರ್ ಅಡ್ಡ ಬಂದು ತಬ್ಬಿ ಹಿಡಿದು ಇಳಿಸಿಕೊಂಡ.

ಬಸವಲಿಂಗನ ಗಾಡಿಯಲ್ಲಿಯೇ ಲಿಂಗಸುಗೂರಿಗೆ ಹೊರಟರು. ಈಗ ಪಂಪಾಪತಿಗೆ ಬಾಯಿ ಬಂದಿತ್ತು. ಮುಂದಿನ ಸೀಟಿನಲ್ಲಿ ಬಸವಲಿಂಗನ ಜೊತೆ ಗುಸುಗುಸು ಮಾತಾಡಿ, ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಹಿಂದೆ ಬಂದ.

“ಬಸಪ್ಪ, ಆಗಿದ್ದು ಆಗಿ ಹೋತು. ಕೇಸು ಬ್ಯಾಡ. ತಿಳೀದ ಮಾಡ್ಯಾರ. ದವಾಖಾನಿ ಖರ್ಚೆಲ್ಲಾ ಅವರ ನೋಡ್ಕೋತಾರ. ನಾನೂ ಆ ಊರಾಗ ವ್ಯಾಪಾರ ಮಾಡಬೇಕು ನೋಡು. ಡಾಕ್ಟರಿಗೆ ಏನಾರ ಒಂದು ಹೇಳಿದ್ರಾತು, ನೀ ಸುಮ್ಮನಿರು.”

“ಬೆನ್ನ ತೋರಸ್ಲೇನೋ ನಿನಗ, ಏನಾರ ಒಂದು ಹೇಳಾಕ?” ಜುಲ್ಫಿಕರ್ ಕೂಗಿದ.

ಬಸವಲಿಂಗನೂ ಬಂದು ನಿಂತ. ಆ ಕಟ್ಟುಮಸ್ತಾದ ಆಳು ಹೆಂಗಸರ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. “ಮಾಫ್ ಮಾಡ್ರಿ ಕಾಕಾ. ಒಬ್ಬಾಕಿ ಮಗಳದಾಳ್ರಿ ನನಗ. ಕಣ್ಣಿಗಿ ಏನೂ ಕಾಣಲಿಲ್ರಿ.”

ದೊಡ್ಡಬಸಪ್ಪ ಅವನ ಮುಖ ನೋಡಿದ. ಸಿಟ್ಟು ಹುಡುಕಿದ, ಸಿಗಲಿಲ್ಲ. ಮೈಯಲ್ಲಿ ನೋವಿಗೆ ಬಿಟ್ಟು ಬೇರೆ ಯಾವುದಕ್ಕೂ ಜಾಗ ಇರಲಿಲ್ಲ. ಮಗಳನ್ನು ಯಾರೋ ಎತ್ತಿಕೊಂಡು ಹೋದರೆ ಅಪ್ಪ ಆದವನು ಏನು ಮಾಡಿಯಾನು ಎಂದೂ ಅನಿಸಿತು. ಆಗಲಿ ಎಂಬಂತೆ ತಲೆ ಆಡಿಸಿ ಕಣ್ಣು ಮುಚ್ಚಿದ. ಪಂಪಾಪತಿ ನಿಟ್ಟುಸಿರು ಬಿಟ್ಟು ಮುಂದೆ ಹೋಗಿ ಕೂತ.

ಲಿಂಗಸುಗೂರಿನ ದವಾಖಾನೆಯಲ್ಲಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಡಾಕ್ಟರಮ್ಮ ಅಂಗಿ ಕತ್ತರಿಸಿ ನೋಡಿದಳು. ಭುಜ ಮುಟ್ಟಿದಳು, ಪಕ್ಕೆಲುಬು ಒತ್ತಿದಳು, ಮೊಣಕಾಲನ್ನು ಬಾಗಿ ನೋಡಿದಳು. ಆಮೇಲೆ ಕಾಗದ ತೆಗೆದುಕೊಂಡು ಹೆಸರು, ಊರು ಬರೆದಳು.

“ಹೆಂಗಾತು ಇದು?”

ಪಂಪಾಪತಿ ಮುಂದೆ ಬಂದ. “ಸೈಕಲ್ ಮ್ಯಾಲಿಂದ ಬಿದ್ದಾನ್ರೀ ಮೇಡಮ್. ನಾವು ಟೂರ್ ಹೊಂಟಿದ್ವಿ. ಇಳಿಜಾರಿನ್ಯಾಗ ತಪ್ಪಿ ಬಿದ್ದಬಿಟ್ಟ. ವಯಸ್ಸಾಗ್ಯಾದ ನೋಡ್ರಿ, ತಡಕೊಳ್ಳಾಕ ಆಗಿಲ್ಲ.”

ಪೆನ್ನು ಕಾಗದದ ಮೇಲೆ ಓಡಿತು.

ಅಲ್ಲಿಯ ತನಕ ಕಲ್ಲಿಗೂ ಕಟ್ಟಿಗೆಗೂ ಎದ್ದು ಕೂಡದ ದೊಡ್ಡಬಸಪ್ಪ ಎದ್ದು ಕೂತ. ಮುರಿದ ಭುಜ ಕಿತ್ತು ಬಂದ ಹಾಗಾಯಿತು. ಲೆಕ್ಕಿಸದೆ ಬಲಗೈ ಚಾಚಿ ಡಾಕ್ಟರಮ್ಮನ ಪೆನ್ನು ಹಿಡಿದುಬಿಟ್ಟ. ರಕ್ತದ ಬೆರಳು ಕಾಗದಕ್ಕೆ ಹತ್ತಿತು.

“ಹಂಗ ಬರೀಬ್ಯಾಡ್ರಿ ಯವ್ವಾ. ನಾ ಬಿದ್ದಿಲ್ಲ.”

“ಬಸಪ್ಪ, ನಿನಗ ಹೇಳಿದ್ನಿ…” ಪಂಪಾಪತಿ ಅವನ ಕೈ ಹಿಡಿಯಲು ಬಂದ.

“ನೀ ಮುಟ್ಟಬ್ಯಾಡ,” ಎಂದ ದೊಡ್ಡಬಸಪ್ಪ. ದನಿ ಏರಲಿಲ್ಲ. ನಲವತ್ತೈದು ವರ್ಷದ ಗೆಳೆಯ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. “ಹತ್ತು ಹೆಜ್ಜಿ ದೂರ ನಿಂತಿದ್ದೆಲ್ಲೋ, ನೀನ ನೋಡೀದಿ. ನಾ ಬಿದ್ನೇನು? ಕಲ್ಲು ಬೀಳಾಕತ್ತಿದ್ರೂ ಕೂಸಿನ್ನ ಅವ್ವನ ಕೈಯಾಗ ಕೊಟ್ಟೀನಿ. ಬಿದ್ನೇನು, ಹೇಳು.”

ಪಂಪಾಪತಿ ಎರಡು ಹೆಜ್ಜೆ ಹಿಂದೆ ಸರಿದ. ಗೋಡೆಗೆ ಒರಗಿದ್ದ ಜುಲ್ಫಿಕರ್ ಮುಖ ಮುಚ್ಚಿಕೊಂಡು ಅತ್ತ.

ಡಾಕ್ಟರಮ್ಮ ಮೂವರನ್ನೂ ನೋಡಿ ಸಾವಕಾಶ ಹೇಳಿದಳು, “ಅಜ್ಜಾ, ಹೊಡದಾರ ಅಂತ ಬರದ್ರ ನಾ ಪೊಲೀಸರಿಗೆ ತಿಳಸಬೇಕಾಗ್ತದ. ಆಮ್ಯಾಲೆ ಸ್ಟೇಷನ್ನು, ಕೋರ್ಟು, ಎಲ್ಲಾ ಬರ್ತಾವ. ವಿಚಾರ ಮಾಡಿ ಹೇಳ್ರಿ.”

ಅವನು ವಿಚಾರ ಮಾಡಿದ. ಬಾಗಿಲಲ್ಲಿ ನಿಂತ ಬಸವಲಿಂಗನನ್ನು ನೋಡಿದ. ಅವನ ಅಂಗಿಯ ಮೇಲೆ ತನ್ನದೇ ರಕ್ತದ ಕಲೆ ಇತ್ತು, ಕಣ್ಣು ಇನ್ನೂ ಕೆಂಪಾಗಿದ್ದವು. ಅವನ ಮಗಳ ಭಾರ ಎಡಗೈಯಲ್ಲಿ ಇನ್ನೂ ಉಳಿದಿತ್ತು. ಅವನನ್ನು ಜೈಲಿಗೆ ಕಳಿಸುವ ಆಸೆ ದೊಡ್ಡಬಸಪ್ಪನಿಗೆ ಎಳ್ಳಷ್ಟೂ ಇರಲಿಲ್ಲ, ಮಾಫಿ ಕೊಟ್ಟದ್ದೂ ಸುಳ್ಳಲ್ಲ. ಆದರೆ ಆ ಕಾಗದದಲ್ಲಿ ಬಿದ್ದ ಎಂದು ಉಳಿದುಬಿಟ್ಟರೆ, ಇನ್ನೆಂದೂ ಸೈಕಲ್ ಹತ್ತಲಾರದ ಕಾಲು ಇಟ್ಟುಕೊಂಡು ಅದನ್ನು ಸುಳ್ಳು ಮಾಡುವುದು ಯಾವಾಗ?

“ಬರ್ಕೋರಿ,” ಎಂದ. “ಹೊಡದಾರ. ಮದ್ಲ ಎಳದಾಂವ ಬಸವಲಿಂಗ ಅಂತ. ಅಲ್ಲಿ ಬಾಗಲದಾಗ ನಿಂತಾನ.”